ಪುಣಜನೂರು ಕಪ್ ಫೈನಲ್

ಅಮೆರಿಕದವರು ವರ್ಷವಿಡೀ ಕಾರು ಓಡಿಸಿ ನವೆಂಬರಿನಲ್ಲಿ ಒಂದು ದಿನ ಫೈನಲ್ ಇಟ್ಟುಕೊಳ್ಳುತ್ತಾರೆ. ಪಾಪ, ತಾಳ್ಮೆ ಜಾಸ್ತಿ. ನಮ್ಮ ಚಾಮರಾಜನಗರದ ಕಡೆ ಅಷ್ಟು ಕಾಯುವ ಪುರಸೊತ್ತಿಲ್ಲ. ಪುಣಜನೂರು ಚೆಕ್‌ಪೋಸ್ಟಿನ ಹಾದಿಯಲ್ಲಿ ದಿನಾ ಸಂಜೆ ಫೈನಲ್ಲು. ಗೇಟು ಬೀಳುವುದು ಲಾರಿಗಳಿಗೆ ಆರು ಗಂಟೆಗೆ, ಕಾರುಗಳಿಗೆ ಒಂಬತ್ತಕ್ಕೆ. ಟಿಕೆಟ್ಟಿಲ್ಲ, ನೇರಪ್ರಸಾರವಿಲ್ಲ, ಗೆದ್ದವರ ಮೇಲೆ ಯಾರೂ ಶಾಂಪೇನ್ ಚಿಮುಕಿಸುವುದಿಲ್ಲ. ಬಹುಮಾನ ಇರುವುದು ಸೋತವರಿಗೆ ಮಾತ್ರ: ಬೆಳಗಿನ ಆರರವರೆಗೆ ಕ್ಯಾಬಿನ್ನಿನಲ್ಲಿ ಸೊಳ್ಳೆಗಳೊಂದಿಗೆ ವಸತಿ.

ಅಮೆರಿಕದ ಆ ಆಟದ ಹೆಸರು ನಾಸ್ಕಾರ್. ಹೆಚ್ಚಾಗಿ ಅಂಡಾಕಾರದ ಟ್ರ್ಯಾಕಿನಲ್ಲಿ ಸ್ಟಾಕ್ ಕಾರುಗಳ ಓಟ. 2025ರ ಫೈನಲ್ ನಡೆದದ್ದು ಅರಿಜೋನಾದ ಫೀನಿಕ್ಸ್‌ನಲ್ಲಿ, ನವೆಂಬರ್ 2ರಂದು. ಒಂದು ಮೈಲಿಯ ಟ್ರ್ಯಾಕು, ನಿಗದಿಯಾಗಿದ್ದದ್ದು 312 ಸುತ್ತು, ಅಂದರೆ ಹೆಚ್ಚೂಕಡಿಮೆ 500 ಕಿಲೋಮೀಟರ್ ಎಡಕ್ಕೇ ತಿರುಗುತ್ತ ತಿರುಗುತ್ತ ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು. ನಮ್ಮ ಚಾಮರಾಜೇಶ್ವರನ ತೇರೂ ಆಷಾಢದಲ್ಲಿ ಒಂದು ಸುತ್ತು ಹಾಕಿ ಸ್ವಸ್ಥಾನಕ್ಕೇ ಬರುತ್ತದೆ, ಆದರೆ ಪ್ರದಕ್ಷಿಣೆಯಾಗಿ ಬರುತ್ತದೆ. ಇಷ್ಟು ಜನ ಸೇರಿ ಇಷ್ಟು ದುಡ್ಡು ಸುರಿದು ಮುನ್ನೂರು ಚಿಲ್ಲರೆ ಅಪ್ರದಕ್ಷಿಣೆ ಹಾಕಿದರೆ ಯಾರಿಗಾದರೂ ಒಳ್ಳೆಯದಾದೀತೇ? ಆಗಲಿಲ್ಲ. ಅದಕ್ಕೇ ಬರುತ್ತೇನೆ.

ಸ್ಟಾಕ್ ಕಾರ್ ಅಂದರೆ ಶೋರೂಮಿನಲ್ಲಿ ನಿಮಗೂ ನನಗೂ ಸಿಗುವಂಥದೇ ಕಾರು ಎಂಬುದು ಲೆಕ್ಕ. ಲೆಕ್ಕ ಅಷ್ಟೇ. ಬಾಗಿಲು ತೆರೆಯುವುದಿಲ್ಲ, ಕಿಟಕಿಯೊಳಗೆ ತೂರಿಕೊಂಡು ಕೂರಬೇಕು. ಸ್ಪೀಡೋಮೀಟರ್ ಇಲ್ಲ. ಮುಂದಿನ ಹೆಡ್‌ಲೈಟು ಬರೀ ಸ್ಟಿಕ್ಕರು. ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯ ಬಗ್ಗೆ ಅಭಿಮಾನ ಉಕ್ಕಿತು. ಕಬ್ಬಿನ ಸೀಸನ್ನಿನಲ್ಲಿ ಪುಣಜನೂರಿನ ರಸ್ತೆಗಿಳಿಯುವ ಹಳೇ ಲಾರಿಗಳನ್ನು ನೋಡಿ. ಎಡಗಡೆ ಬಾಗಿಲಿಗೆ ಹಗ್ಗ, ಕ್ಲೀನರ್ ಹತ್ತುವುದು ಕಿಟಕಿಯಿಂದ. ಸ್ಪೀಡೋಮೀಟರಿನ ಮುಳ್ಳು ಯಾವತ್ತೋ ಸೊನ್ನೆಯ ಮೇಲೆ ಸಮಾಧಿಸ್ಥ. ಒಂದು ಹೆಡ್‌ಲೈಟು ಉರಿಯುತ್ತದೆ, ಇನ್ನೊಂದು ಅಲಂಕಾರಕ್ಕೆ. ತಂತ್ರಜ್ಞಾನದಲ್ಲಿ ನಾವು ಹಿಂದೆ ಬಿದ್ದಿದ್ದೇವೆ ಅನ್ನುವವರು ಒಮ್ಮೆ ಈ ಕಡೆ ಬಂದು ಹೋಗಬೇಕು.

ಆ ಆಟದ ಹುಟ್ಟಿನ ಕತೆಯೂ ಗಡಿಭಾಗದವರಿಗೆ ಆಪ್ತವಾಗುವಂಥದು. ಪಾನನಿಷೇಧದ ಕಾಲದಲ್ಲಿ ಅಪಲಾಚಿಯ ಬೆಟ್ಟಸಾಲಿನ ಹಳ್ಳಿಗರು ಕಳ್ಳಭಟ್ಟಿ ಕಾಯಿಸಿ, ರಾತ್ರಿ ಹೊತ್ತು ಕಾರಿನಲ್ಲಿ ತುಂಬಿಕೊಂಡು, ಅಬಕಾರಿಯವರ ಕಣ್ತಪ್ಪಿಸಿ ಪೇಟೆಗೆ ಸಾಗಿಸುತ್ತಿದ್ದರು. ಹೊರಗೆ ನೋಡಲು ಸಾದಾ ಕಾರು, ಬಾನೆಟ್ಟಿನೊಳಗೆ ಬೇರೆಯೇ ಸಂಸಾರ. ಬಿಡುವಿದ್ದಾಗ ಯಾರ ಕಾರು ಜೋರು ಎಂದು ತಮ್ಮತಮ್ಮಲ್ಲೇ ಪಂದ್ಯ. ಇಂಥ ಓಟಗಳನ್ನೆಲ್ಲ ಒಟ್ಟುಗೂಡಿಸಿ 1948ರಲ್ಲಿ ಬಿಲ್ ಫ್ರಾನ್ಸ್ ಅನ್ನುವಾತ ಸಂಸ್ಥೆಯನ್ನೇ ಕಟ್ಟಿಬಿಟ್ಟ. ಜೂನಿಯರ್ ಜಾನ್ಸನ್ ಎಂಬ ದಂತಕತೆಯ ಚಾಲಕ ಕಳ್ಳಭಟ್ಟಿ ಕೇಸಿನಲ್ಲಿ ಜೈಲು ಕಂಡವನು. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನವನ್ನೇ ಕೊಟ್ಟರು. ನಮ್ಮ ಕಾಡಿನಲ್ಲೂ ಸಾಗಣೆಗೇನೂ ಬರವಿರಲಿಲ್ಲ. ಶ್ರೀಗಂಧ ಹೋಯಿತು, ದಂತ ಹೋಯಿತು. ಆದರೆ ವೀರಪ್ಪನ್ ಕಾಲ್ನಡಿಗೆಯ ಮನುಷ್ಯ. ಹಾಗಾಗಿ ನಮ್ಮಲ್ಲಿ ಹುಟ್ಟಿದ್ದು ರೇಸ್ ಅಲ್ಲ, ಎಸ್‌ಟಿಎಫ್.

ಈಗ ಫೀನಿಕ್ಸ್‌ನ ಫೈನಲ್ಲಿಗೆ ಬರೋಣ. ವರ್ಷಕ್ಕೆ 36 ರೇಸು. ಆದರೆ ನಿಯಮ ಏನಿತ್ತೆಂದರೆ, ಗಾಳಿಸಿ ಗಾಳಿಸಿ ಕೊನೆಗೆ ನಾಲ್ವರನ್ನು ಉಳಿಸಿಕೊಳ್ಳುವುದು. ಕಟ್ಟಕಡೆಯ ರೇಸಿನಲ್ಲಿ ಆ ನಾಲ್ವರ ಪೈಕಿ ಯಾರು ಮುಂದೆ ಬರುತ್ತಾರೋ ಅವರೇ ವರ್ಷದ ಚಾಂಪಿಯನ್. ಹಿಂದಿನ 35 ರೇಸಿನ ಪುಣ್ಯ ಅಲ್ಲಿಗೆ ಸ್ವಾಹಾ. ಡೆನ್ನಿ ಹ್ಯಾಮ್ಲಿನ್ ಅನ್ನುವ ಚಾಲಕ, ಇಪ್ಪತ್ತು ವರ್ಷದ ಅನುಭವಿ, 60 ರೇಸು ಗೆದ್ದವನು, ಪಟ್ಟ ಮಾತ್ರ ಒಮ್ಮೆಯೂ ಕಟ್ಟಿಸಿಕೊಂಡವನಲ್ಲ. ಆ ದಿನ 208 ಸುತ್ತು ಅವನೇ ಮುಂದಿದ್ದ. ಇನ್ನು ಮೂರೇ ಸುತ್ತು ಬಾಕಿ. ಅಷ್ಟರಲ್ಲಿ ವಿಲಿಯಂ ಬೈರನ್ ಎಂಬುವನ ಟೈರು ಢಮಾರ್. ಹಳದಿ ಬಾವುಟ. ಹಳದಿ ಬಾವುಟ ಬಿತ್ತೆಂದರೆ ಎಲ್ಲ ಕಾರುಗಳೂ ನಿಧಾನವಾಗಿ ಒಂದರ ಹಿಂದೊಂದು ಗುಂಪು ಕೂಡಬೇಕು. ಮುಂದಿದ್ದವನು ಬೆವರು ಸುರಿಸಿ ಗಳಿಸಿದ ಅಂತರವೆಲ್ಲ ಮಂಗಮಾಯ. ಹ್ಯಾಮ್ಲಿನ್ ನಾಲ್ಕು ಟೈರು ಬದಲಿಸಿದ. ಕೈಲ್ ಲಾರ್ಸನ್ ಎರಡೇ ಬದಲಿಸಿ ಮುಂದೆ ನುಗ್ಗಿದ. ಆ ಇಡೀ ರೇಸಿನಲ್ಲಿ ಒಂದೇ ಒಂದು ಸುತ್ತಿಗೂ ಮೊದಲಿಗನಾಗಿರದ ಲಾರ್ಸನ್ ಮೂರನೆಯವನಾಗಿ ಬಂದು ಚಾಂಪಿಯನ್ ಆದ. 208 ಸುತ್ತಿನ ಧಣಿ ಆರನೆಯವನಾಗಿ ಬಂದು ಕಾರಿನಲ್ಲೇ ಕೂತ. ರೇಸು ಗೆದ್ದ ರಯಾನ್ ಬ್ಲೇನಿಗೂ ಪಟ್ಟವಿಲ್ಲ; ಅವನು ಆ ನಾಲ್ವರಲ್ಲಿ ಒಬ್ಬನಲ್ಲ.

ಅಲ್ಲಿನ ಜನ ಥೂ ಅಂದರು. 2026ಕ್ಕೆ ನಿಯಮವೇ ಬದಲು: ಕೊನೆಯ ಹತ್ತು ರೇಸುಗಳ ಅಂಕ ಕೂಡಿಸಿ ಚಾಂಪಿಯನ್ನನ್ನು ಆರಿಸುವ ಪದ್ಧತಿ ಬಂತು. ಇಡೀ ಸೀಸನ್ನನ್ನು ಕೊನೆಯ ಗಳಿಗೆಗೆ ಗಂಟು ಹಾಕಿದರೆ ಎಲ್ಲರೂ ಕೊನೆಯ ಗಳಿಗೆಗಾಗಿಯೇ ಬದುಕುತ್ತಾರೆ ಅನ್ನುವುದು ಅವರಿಗೆ ಹನ್ನೆರಡು ವರ್ಷಕ್ಕಾದರೂ ಹೊಳೆಯಿತು.

ನಮಗೆ ಹೊಳೆದಿಲ್ಲ. ಅಥವಾ ಹೊಳೆದರೂ ಆ ಫೈಲು ಯಾವ ಟೇಬಲ್ಲಿನಲ್ಲಿದೆಯೋ.

ಪುಣಜನೂರಿನ ಟ್ರ್ಯಾಕು ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ ಹಾದು ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948, ಹಳಬರ ಬಾಯಲ್ಲಿ ಇವತ್ತಿಗೂ 209. ಪುಣಜನೂರಿಗೆ ಬರುವಷ್ಟರಲ್ಲಿ ಬಿಳಿಗಿರಿರಂಗನ ಕಾಡು. ಗಡಿ ದಾಟಿದರೆ ತಮಿಳುನಾಡಿನ ಕಾರಪಳ್ಳಂ ಚೆಕ್‌ಪೋಸ್ಟು, ಅಲ್ಲಿಂದ ಸತ್ಯಮಂಗಲದ ಕಾಡು, ಆಸನೂರು, ಆಮೇಲೆ ದಿಂಬಂ ಘಟ್ಟ, 27 ಹೇರ್‌ಪಿನ್ ತಿರುವು, ಕೆಳಗೆ ಬಣ್ಣಾರಿ ಅಮ್ಮ. ಈ ಕಡೆಯೂ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆಯೂ ಹುಲಿ ಸಂರಕ್ಷಿತ ಪ್ರದೇಶ. ಮಧ್ಯದ ಡಾಂಬರು ಮಾತ್ರ ಯಾವ ಸಂರಕ್ಷಣೆಗೂ ಸೇರಿದ್ದಲ್ಲ. ರಾತ್ರಿ ವಾಹನಗಳಿಗೆ ಸಿಕ್ಕಿ ಚಿರತೆ, ಜಿಂಕೆ ಸಾಯತೊಡಗಿದಾಗ ಈರೋಡಿನ ಜಿಲ್ಲಾಧಿಕಾರಿ 2019ರಲ್ಲೇ ರಾತ್ರಿ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿದರು. ಆದೇಶ ಹೊರಟಿತು, ಎಲ್ಲಿಗೂ ತಲುಪಲಿಲ್ಲ. ಮದ್ರಾಸ್ ಹೈಕೋರ್ಟ್ ಕಿವಿ ಹಿಂಡಿದ ಮೇಲೆ 2022ರ ಫೆಬ್ರವರಿ 10ರಿಂದ ಜಾರಿಯಾಯಿತು: ಭಾರಿ ವಾಹನಗಳಿಗೆ ಸಂಜೆ ಆರರಿಂದ ಬೆಳಿಗ್ಗೆ ಆರು, ಸಣ್ಣವಕ್ಕೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರು. ತಾಳವಾಡಿ ಕಡೆಯ ಜನ, ತಮಿಳುನಾಡಿನಲ್ಲಿದ್ದುಕೊಂಡು ಮನೆಯಲ್ಲಿ ಕನ್ನಡ ಆಡುವವರು, ಬೀದಿಗಿಳಿದರು. ಅವರಿಗೆ ಈ ರಸ್ತೆ ಬಿಟ್ಟರೆ ಆಸ್ಪತ್ರೆಗೂ ಗತಿಯಿಲ್ಲ, ಕೋಸು ಟೊಮೆಟೊ ಮಾರುವುದಕ್ಕೂ ಗತಿಯಿಲ್ಲ. ಅದೇ ವರ್ಷ ಕೋರ್ಟು ಸ್ಥಳೀಯರಿಗೆ ವಿನಾಯಿತಿ ಕೊಟ್ಟಿತು, 16.2 ಟನ್ನಿಗಿಂತ ಭಾರದ ಲಾರಿಗಳನ್ನು ಘಟ್ಟದಿಂದ ಹೊರಗಿಟ್ಟಿತು.

ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ರಾತ್ರಿ ಕಾಡು ಕಾಡಿನವರಿಗಿರಲಿ. ತಕರಾರಿರುವುದು ಗಡಿಯಾರದ ಬಗ್ಗೆ. ರಾತ್ರಿಯನ್ನು ಉಳಿಸಿದೆವು ಎಂದು ಬೀಗುತ್ತಿರುವ ನಾವು ಸಂಜೆಯನ್ನು ಹರಾಜಿಗಿಟ್ಟಿದ್ದೇವೆ. ಆನೆ, ಕಡವೆ, ಕಾಟಿ ಹೊಟ್ಟೆಪಾಡಿಗೆ ಹೊರಡುವುದು, ನೀರಿಗೆ ಇಳಿಯುವುದು, ರಸ್ತೆ ದಾಟುವುದು ಹೊತ್ತು ಇಳಿಯುವಾಗಲೇ. ಸರಿಯಾಗಿ ಅದೇ ಹೊತ್ತಿಗೆ ಎರಡು ರಾಜ್ಯದ ಲಾರಿಗಳೂ ಗೇಟು ಬೀಳುತ್ತದೆ ಅಂತ ಆಕ್ಸಿಲರೇಟರ್ ಮೇಲೆ ಎದ್ದು ನಿಲ್ಲುತ್ತವೆ. ಹಗಲೆಲ್ಲ ನಲವತ್ತರಲ್ಲಿ ತೆವಳಿದ ಲಾರಿಗೆ ಐದೂವರೆಗೆ ಯೌವನ ಬರುತ್ತದೆ.

ಚೆಕ್‌ಪೋಸ್ಟಿನ ಈಚೆಗಿನ ಟೀ ಅಂಗಡಿಯಲ್ಲಿ ಐದು ಗಂಟೆಗೆ ಕೂತರೆ ಸಾಕು, ಗ್ಯಾಲರಿ ಟಿಕೆಟ್ಟು ಸಿಕ್ಕ ಹಾಗೆ. ಮೊದಲು ಬರುವುದು ಈರೋಡಿನ ಮಾರುಕಟ್ಟೆಗೆ ಹೊರಟ ಅರಿಸಿನದ ಲಾರಿ. ಅದರ ಚಾಲಕ ಅನುಭವಿ. ಟೀ ಕುಡಿಯುವುದೂ ಇಲ್ಲ, ಇಳಿಯುವುದೂ ಇಲ್ಲ. ಹಿಂದೆ ಬಾಳೆಗೊನೆ ತುಂಬಿದ ಕ್ಯಾಂಟರ್, ಅದರ ಹಿಂದೆ ಕೋಳಿ ವ್ಯಾನು. ಐದೂಕಾಲರ ನಂತರದ್ದು ನಿಜವಾದ ಆಟ. ಗೇಟಿನ ಕೆಂಪು ಬಿಳಿ ಗಳು ಒಂದಿಷ್ಟು ಅಲುಗಾಡಿದರೂ ಸಾಲಿನಲ್ಲಿರುವ ಅಷ್ಟೂ ಲಾರಿಗಳ ಹಾರನ್ನು ಒಟ್ಟಿಗೆ ಬಾಯಿ ಬಿಡುತ್ತವೆ. ಕ್ಲೀನರ್ ಹುಡುಗರು ಧುಮುಕಿ ರಿಜಿಸ್ಟರಿನ ಕಡೆ ಓಡುತ್ತಾರೆ. ಸಾಲು ಎಷ್ಟೇ ಉದ್ದವಿರಲಿ, ರಿಜಿಸ್ಟರಿಗೆ ಪೆನ್ನು ಒಂದೇ, ಅದೂ ಸುತಲಿ ದಾರದಲ್ಲಿ ಮೇಜಿಗೆ ಕಟ್ಟಿದ್ದು. ನಾಸ್ಕಾರಿನಲ್ಲಿ ನಾಲ್ಕು ಚಕ್ರ ಬಿಚ್ಚಿ ಹಾಕುವುದಕ್ಕೆ ಹತ್ತು ಹನ್ನೆರಡು ಸೆಕೆಂಡು. ಇಲ್ಲಿ ಲಾರಿ ನಂಬರು ಬರೆಯುವುದಕ್ಕೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಪೆನ್ನನ್ನು ಮೊದಲು ಕೊಡವಬೇಕು.

'ಯಾಕಣ್ಣ ಇಂಗ್ ಸಾಯ್ತರೆ ಇವ್ರು?' ಅಂತ ಟೀ ಅಂಗಡಿಯ ಅಕ್ಕನನ್ನೇ ನಾನು ಕೇಳಬೇಕೆಂದಿದ್ದೆ, ಆಕೆಯೇ ನನ್ನನ್ನು ಕೇಳಿದಳು. 'ಗೇಟ್ ಬಿದ್ದೋದದು ಅಂತ ಅಕ್ಕ' ಅಂದೆ. 'ಆನೆ ನೋಡು, ಎಷ್ಟ್ ನಿಧಾನಕ್ ಬತ್ತದ. ಅದ್ಕೇನ್ ಗೇಟಿದ್ದದಾ?' ಅಂದು ಬಜ್ಜಿ ಎಣ್ಣೆಗೆ ಬಿಟ್ಟಳು.

ಆನೆಗೆ ಗೇಟಿಲ್ಲ, ನಿಜ. ಆದರೆ ಗೇಟಿನ ಉಪಯೋಗ ಅದಕ್ಕೆ ಚೆನ್ನಾಗಿ ಗೊತ್ತಾಗಿದೆ. ಕಾರಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಆನೆಗಳು ಕಬ್ಬಿನ ಲಾರಿಗಾಗಿ ರಸ್ತೆ ಬದಿಯಲ್ಲಿ ಕಾದು ನಿಲ್ಲುವುದು ಈಗ ಯಾರಿಗೂ ಸುದ್ದಿಯಲ್ಲ. ತಾಳವಾಡಿ, ಚಾಮರಾಜನಗರದ ಕಬ್ಬು ಸತ್ಯಮಂಗಲದ ಸಕ್ಕರೆ ಕಾರ್ಖಾನೆಗೆ ಹೋಗುವುದು ಇದೇ ದಾರಿಯಲ್ಲಿ. ಮಿತಿ ಮೀರಿ ತುಂಬಿದ ಲಾರಿಗೆ ಚೆಕ್‌ಪೋಸ್ಟಿನ ಎತ್ತರದ ಅಡ್ಡಪಟ್ಟಿ ತಾಗುತ್ತದೆ. ಮೇಲಿನ ಒಂದಿಷ್ಟು ಕಬ್ಬು ಕೆಳಗೆ ಬೀಳುತ್ತದೆ, ಇಲ್ಲವೇ ಬೀಳಿಸುತ್ತಾರೆ. ಹೀಗೆ ರುಚಿ ಹತ್ತಿದ ಮೇಲೆ ಆನೆ ಮರಿಯನ್ನೂ ಕರೆತಂದು ನಿಲ್ಲಿಸುತ್ತದೆ. ಲಾರಿ ಬಂತು, ಅಡ್ಡ ಬಂತು, ಸೊಂಡಿಲು ಮೇಲೆ ಹೋಯಿತು, ಒಂದು ಹೊರೆ ಇಳಿಯಿತು, ದಾರಿ ಬಿಟ್ಟಿತು. ರಸೀದಿ ಕೊಡುವುದಿಲ್ಲ ಅನ್ನುವುದೊಂದನ್ನು ಬಿಟ್ಟರೆ ಈ ಹೆದ್ದಾರಿಯಲ್ಲಿ ಇಷ್ಟು ಶಿಸ್ತಿನ ವಸೂಲಿ ನಾನು ಇನ್ನೆಲ್ಲೂ ಕಂಡಿಲ್ಲ. ಓವರ್‌ಲೋಡಿಗೆ ಸ್ಥಳದಲ್ಲೇ ದಂಡ, ದಂಡದ ಪ್ರಮಾಣ ಎಲ್ಲ ಲಾರಿಗೂ ಒಂದೇ. ಸಾರಿಗೆ ಇಲಾಖೆ ಇವುಗಳನ್ನು ಖಾಯಂ ಮಾಡಿಕೊಳ್ಳಬಾರದೇಕೆ?

ಇನ್ನು ಹಳದಿ ಬಾವುಟ. ಫೀನಿಕ್ಸ್‌ನಲ್ಲಿ ಅದನ್ನು ಬೀಸಲು ಒಬ್ಬ ಮನುಷ್ಯ ಎತ್ತರದ ಅಟ್ಟಣಿಗೆಯಲ್ಲಿ ನಿಂತಿರುತ್ತಾನೆ. ದಿಂಬಂನಲ್ಲಿ ಆ ಕೆಲಸವನ್ನು ತಿರುವುಗಳೇ ಮಾಡುತ್ತವೆ. ಹೇರ್‌ಪಿನ್ನಿನಲ್ಲಿ ಒಂದು ಉದ್ದನೆಯ ಲಾರಿ ಅರ್ಧ ತಿರುಗಿ, ಹಿಂದಿನ ಚಕ್ರ ಮೋರಿಗೆ ಇಳಿಸಿ ನಿಂತುಬಿಟ್ಟರೆ ಮುಗಿಯಿತು. ಪುಣಜನೂರಿನಿಂದ ಎಲ್ಲರನ್ನೂ ಹಿಂದಿಕ್ಕಿ ಬಂದವನು, ಆಸನೂರಿನಲ್ಲಿ ಪರೋಟ ತಿಂದು ಆರಾಮಾಗಿ ಬಂದವನು, ಬೆಂಗಳೂರಿನ ಕಪ್ಪು ಎಸ್‌ಯುವಿಯವನು, ಸತ್ಯಮಂಗಲದ ಬಸ್ಸಿನವನು ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಕೋತಿ ಹಿಂಡಿನ ಎದುರು. ಕ್ರೇನು ಬರುವುದು ಯಾವಾಗಲೋ. ಜೀವ ಪಣಕ್ಕಿಟ್ಟು ಗಳಿಸಿದ ಹತ್ತು ನಿಮಿಷ ಅಲ್ಲಿ ಗಂಟೆಗಟ್ಟಲೆ ನಿಂತು ಬೇಯುತ್ತದೆ. ಹ್ಯಾಮ್ಲಿನ್ ಈ ಕಡೆಯವನಾಗಿದ್ದರೆ ಇದನ್ನು ಮೊದಲೇ ಕಲಿತಿರುತ್ತಿದ್ದ.

ಗುಂಡ್ಲುಪೇಟೆ ಕಡೆ ಇದೇ ಪಂದ್ಯದ ಇನ್ನೊಂದು ಲೀಗು ಉಂಟು, ಅದು ಹಳೆಯದು. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ, ಒಂದು ವಯನಾಡಿಗೆ, ಇನ್ನೊಂದು ಊಟಿಗೆ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ. 2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿ ಹಾಕಿದ ಆದೇಶ ಒತ್ತಡಕ್ಕೆ ಕೆಲವೇ ದಿನಗಳಲ್ಲಿ ಹಿಂದೆ ಹೋಯಿತು. ನಮ್ಮ ಹೈಕೋರ್ಟು ಅದನ್ನು ಮತ್ತೆ ಎಳೆದು ತಂದು 2010ರಲ್ಲಿ ಎತ್ತಿಹಿಡಿಯಿತು. ಅಲ್ಲಿಂದ ಸುಪ್ರೀಂ ಕೋರ್ಟು. ವಯನಾಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಈ ಗೇಟು ತೆರೆಸುತ್ತೇವೆ ಎಂಬ ಭರವಸೆಯೂ ಬರುತ್ತದೆ, ಫಲಿತಾಂಶದ ಜೊತೆ ಹೋಗುತ್ತದೆ. ಕಾಡಿನ ಮೇಲೆ ಕಂಬ ನಿಲ್ಲಿಸಿ ಎತ್ತರದ ರಸ್ತೆ ಕಟ್ಟಿದರೆ ಆನೆ ಕೆಳಗೆ, ಕಾರು ಮೇಲೆ, ಇಬ್ಬರಿಗೂ ಸುಖ ಅನ್ನುವ ಯೋಜನೆಯೂ ದಿಲ್ಲಿಯಿಂದ ಬಂತು. ಕಂಬ ನೆಡುವುದಕ್ಕೆ ಬೇಕಾಗುವ ಜೆಸಿಬಿ, ಕಾಂಕ್ರೀಟು, ಕಾರ್ಮಿಕರ ಶೆಡ್ಡು ಎಲ್ಲ ಆಕಾಶದಿಂದ ಇಳಿಯುತ್ತವೆಂದು ಅವರ ಲೆಕ್ಕವಿದ್ದೀತು.

ಆ ಲೀಗಿನ ತಾರೆಗಳೇ ಬೇರೆ, ಪ್ರವಾಸಿಗರು. ಓಣಂಗೆ ಮುಂಚೆ ಗುಂಡ್ಲುಪೇಟೆಯ ರಸ್ತೆ ಬದಿ ಚೆಂಡುಹೂವು, ಸೂರ್ಯಕಾಂತಿ ಅರಳಿ ನಿಂತಿರುತ್ತದಲ್ಲ, ಆಗ ನೋಡಬೇಕು. ಕಾರು ನಿಲ್ಲಿಸಿ ಹೊಲಕ್ಕಿಳಿದು, ರೈತ ಕೇಳಿದ ಹತ್ತಿಪ್ಪತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಹೂವಿನ ಮಧ್ಯೆ ಮುಖ ಎತ್ತಿ, ಮುಖ ಇಳಿಸಿ, ಮುಖ ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಪ್ರಕೃತಿ ಎಂದರೆ ಅಷ್ಟು ಪ್ರೀತಿ. ಎಂಟೂಕಾಲಿಗೆ ಯಾರೋ ಒಬ್ಬರಿಗೆ ಗೇಟು ನೆನಪಾಗುತ್ತದೆ. ಆಮೇಲೆ ಮದ್ದೂರು ಚೆಕ್‌ಪೋಸ್ಟಿನವರೆಗೆ ಆ ಪ್ರಕೃತಿಪ್ರೇಮದ ವೇಗ ತಡೆಯಲು ಯಾವ ಹಂಪಿನಿಂದಲೂ ಆಗದು. ಗೇಟು ದಾಟಿದ ಮೇಲಾದರೂ ನಿಧಾನವಾಗುತ್ತಾರೆಯೇ ಎಂದರೆ, ಆಗುತ್ತಾರೆ: ಜಿಂಕೆ ಕಂಡಾಗ, ಚಿಪ್ಸ್ ಎಸೆಯುವುದಕ್ಕೆ. 2025ರ ಆಗಸ್ಟಿನಲ್ಲಿ ಊಟಿ ರಸ್ತೆಯಲ್ಲಿ ಕಾಡಾನೆಯ ಜೊತೆ ಸೆಲ್ಫಿಗೆ ಹೋದ ಒಬ್ಬ ಮಹಾಶಯ ಅದರ ಕಾಲ ಕೆಳಗಿಂದ ಬದುಕಿ ಬಂದ. ಅರಣ್ಯ ಇಲಾಖೆ ಅವನಿಗೆ ₹25,000 ದಂಡ ಹಾಕಿತು. ಆನೆಯ ಫೋಟೊಗ್ರಾಫರ್ ಶುಲ್ಕ ಇರಬೇಕು ಅಂದುಕೊಂಡೆ.

ಹೀಗೆಲ್ಲ ಆಡಿಕೊಂಡು ಸುಮ್ಮನಿದ್ದರೆ ಅಂಕಣಕಾರನಿಗೆ ಕೆಲಸವೇನು? ನನ್ನದೊಂದು ಯೋಜನೆ ಇದೆ, ಖರ್ಚಿಲ್ಲದ್ದು. ಪಂದ್ಯ ಹೇಗೂ ನಡೆಯುತ್ತಿದೆ, ನಿಲ್ಲಿಸಲು ಆಗುವುದಿಲ್ಲ, ನಿಯಮ ಬದಲಿಸೋಣ. ಪುಣಜನೂರಿನಲ್ಲಿ ಒಳಹೋಗುವಾಗ ಸಮಯ ಬರೆದ ಒಂದು ಚೀಟಿ. ಬಣ್ಣಾರಿಯಲ್ಲಿ ಹೊರಬೀಳುವಾಗ ಆ ಚೀಟಿ ನೋಡುವುದು. ನಿಗದಿತ ಅವಧಿಗಿಂತ ಮುಂಚೆ ಬಂದವನಿಗೆ ದಂಡ, ಎಷ್ಟು ನಿಮಿಷ ಮುಂಚೆಯೋ ಅಷ್ಟು ಜಾಸ್ತಿ. ಜೊತೆಗೆ, ಆರಕ್ಕೆ ಗೇಟು ಅನ್ನುವ ಬದಲು ಆರರೊಳಗೆ ಘಟ್ಟ ಇಳಿದು ಮುಗಿಸುವಷ್ಟು ಹೊತ್ತು ಇರುವವನಿಗೆ ಮಾತ್ರ ಪ್ರವೇಶ. ಉಳಿದವನಿಗೆ ಚಾಮರಾಜನಗರದಲ್ಲೇ ಬೋರ್ಡು ಹಾಕಿ ಹೇಳಿಬಿಡುವುದು, ಅಣ್ಣಾ, ಇವತ್ತು ಆಗಲ್ಲ, ಊಟ ಮಾಡಿ ಮಲಗು ಅಂತ. ಕೊನೆಗೆ ಬಂದವನೇ ಚಾಂಪಿಯನ್. ಅವನಿಗೆ ಕಪ್ಪು, ಅವನ ಕ್ಲೀನರಿಗೆ ಶಾಲು.

ಇದನ್ನು ಒಬ್ಬ ಅಧಿಕಾರಿಗೆ ಹೇಳಿದೆ. ಗಂಭೀರವಾಗಿ ಕೇಳಿದರು. ಆಮೇಲೆ ತೊಡಕುಗಳನ್ನು ವಿವರಿಸಿದರು. ಒಳಗೆ ಹೋಗುವ ಗೇಟು ಕರ್ನಾಟಕದ್ದು, ಹೊರಬೀಳುವ ಗೇಟು ತಮಿಳುನಾಡಿನದು. ಚೀಟಿ ನಮ್ಮಲ್ಲಿ ಕನ್ನಡದಲ್ಲಿ ಬರೆಯಬೇಕು, ಅಲ್ಲಿ ತಮಿಳಿನಲ್ಲಿ ಓದಬೇಕು. ಕಾಡು ಅರಣ್ಯ ಇಲಾಖೆಯದು, ರಸ್ತೆ ಹೆದ್ದಾರಿಯವರದು, ವೇಗ ಪೊಲೀಸರದು, ಭಾರ ಸಾರಿಗೆಯವರದು. ದಂಡದ ದುಡ್ಡು ಯಾರ ಖಾತೆಗೆ? ಅದೊಂದು ತೀರ್ಮಾನವಾದರೆ ಮಿಕ್ಕಿದ್ದೆಲ್ಲ ಒಂದೇ ದಿನದ ಕೆಲಸ ಅಂದರು. ಕಾವೇರಿಯ ನೀರನ್ನೇ ಹಂಚಿಕೊಂಡ ರಾಜ್ಯಗಳಿಗೆ ಒಂದು ಚೀಟಿ ಹಂಚಿಕೊಳ್ಳುವುದು ಕಷ್ಟವೇ ಅಂತ ಕೇಳಬೇಕೆಂದಿದ್ದೆ. ಹಂಚಿಕೊಂಡ ಬಗೆ ನೆನಪಾಗಿ ಸುಮ್ಮನಾದೆ.

ಬಹುಮಾನ ವಿತರಣೆಗೆ ಮುಖ್ಯಮಂತ್ರಿಗಳೇ ಬರಬೇಕೆಂಬುದು ನನ್ನ ಆಸೆ. ಚಾಮರಾಜನಗರಕ್ಕೆ ಕಾಲಿಟ್ಟವರ ಕುರ್ಚಿ ಹೋಗುತ್ತದೆ ಎಂಬ ಭಯ ಒಂದು ಕಾಲದಲ್ಲಿ ಎಷ್ಟೋ ಮುಖ್ಯಮಂತ್ರಿಗಳನ್ನು ದೂರವೇ ಇಟ್ಟಿತ್ತು. ಸಿದ್ದರಾಮಯ್ಯನವರು ಪದೇ ಪದೇ ಬಂದು ಅದರ ಬೆಲೆ ಇಳಿಸಿದರು, 2025ರ ಏಪ್ರಿಲ್‌ನಲ್ಲಿ ಸಂಪುಟ ಸಭೆಯನ್ನೇ ಮಲೆ ಮಹದೇಶ್ವರ ಬೆಟ್ಟಕ್ಕೆ ತಂದರು. ಪುಣಜನೂರಂತೂ ಊರಾಚೆ, ಕಾಡೊಳಗೆ, ಜ್ಯೋತಿಷಿಗಳೂ ಒಪ್ಪಿಯಾರು. ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ ಎಂದು ಅಚ್ಚು ಹಾಕಿಸಿದರೆ ಆರೂವರೆಗೆ ಶುರುವಾಗುತ್ತದೆ, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಏಳೂವರೆ, ಮಿಕ್ಕ ಭಾಷಣ ಮುಗಿಯುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಇಪ್ಪತ್ತು ಕಾರುಗಳ ಬೆಂಗಾವಲು ಸೈರನ್ ಹಾಕಿಕೊಂಡು ಗೇಟಿನ ಎದುರು ಬಂದು ನಿಂತಾಗ ಆ ಸುತಲಿ ದಾರದ ಪೆನ್ನು ಹಿಡಿದ ಗಾರ್ಡು ಏನು ಮಾಡಬೇಕು ಅನ್ನುವುದನ್ನು ಮಾತ್ರ ಎರಡೂ ರಾಜ್ಯದ ಮುಖ್ಯ ಕಾರ್ಯದರ್ಶಿಗಳು ಕೂತು ಮೊದಲೇ ಬರವಣಿಗೆಯಲ್ಲಿ ಕೊಟ್ಟುಬಿಡಲಿ. ಪಾಪದವನು, ಹಂಗಾಮಿ ನೌಕರ.